ಮನ್ನಾ ಆದ ಸಾಲ, ಇಳಿಯದ ಬೋಜಾ: ಹಾನಗಲ್‌ನಿಂದ ಜಾಂಬಿಯಾವರೆಗೆ ಒಂದು ಹಳೆಯ ಲೆಕ್ಕ

ಹೋದ ಮುಂಗಾರಿಗೆ ಮೊದಲು ಬೆಳೆಸಾಲಕ್ಕೆ ಅಂತ ಅಪ್ಪನ ಹೆಸರಿನ ಉತಾರ ತೆಗೆಸಿದೆವು. ಹಾನಗಲ್ ತಾಲ್ಲೂಕಿನಲ್ಲಿರುವ ಎರಡೂವರೆ ಎಕರೆ ಹೊಲ ಅದು. ಉತಾರದ 11ನೇ ಕಾಲಂನಲ್ಲಿ, ಅಂದರೆ ಋಣ ಬರೆಯುವ ಜಾಗದಲ್ಲಿ, ಹಳೆಯ ಸಾಲದ ಬೋಜಾ ಹಾಗೇ ಕುಂತಿತ್ತು. ಆ ಸಾಲ 2018ರ ಮನ್ನಾದಲ್ಲಿ ಹೋಗಿ ವರ್ಷಗಳೇ ಆಗಿದ್ದವು. ಮನ್ನಾ ಆದ ಪತ್ರ ಮನೆಯ ಟ್ರಂಕಿನಲ್ಲಿತ್ತು. ಆದರೆ ಸರ್ಕಾರದ ಪುಸ್ತಕದ ಪ್ರಕಾರ ಅಪ್ಪ ಇನ್ನೂ ಸಾಲಗಾರ. ಬೋಜಾ ಇಳಿಸುವ ಕಾಗದ ಯಾರು ಕಳಿಸಬೇಕಿತ್ತು, ಯಾರು ಕಳಿಸಲಿಲ್ಲ ಎಂದು ಓಡಾಡುವುದರಲ್ಲಿ ಬಿತ್ತನೆಯ ಹದ ದಾಟಿತು. ಹೊಸ ಸಾಲ ಸಿಗಲಿಲ್ಲ. ಬೀಜ, ಗೊಬ್ಬರ ದಲಾಲಿ ಅಂಗಡಿಯಿಂದಲೇ ಉದ್ರಿ ತಂದೆವು.

ಅಡುಗೆ ಮನೆಯಿಂದ ಅವ್ವ ಒಂದು ಮಾತು ಅಂದಳು: "ನಿಮ್ಮಪ್ಪಂದು ಮನ್ನಾ ಆತು ಅಂದ್ರಿ. ನನ್ನ ಬೋರಮಾಳ ಯಾರು ಮನ್ನಾ ಮಾಡ್ತಾರ ತಮ್ಮಾ?"

ಅವ್ವನ ಬೋರಮಾಳ ಸರ ಅದೇ ಹೊಲದ ಸಾಲಕ್ಕೆ ಒತ್ತಿ ಬಿದ್ದದ್ದು. ಸೊಸೈಟಿಯ ರೊಕ್ಕ ಸಾಲದೆ ಹೋದಾಗ ಬಡ್ಡಿ ಅಂಗಡಿಯಲ್ಲಿ ಇಟ್ಟಿದ್ದೆವು. ಆ ಸಾಲ ಯಾವ ಉತಾರದಲ್ಲೂ ಇರಲಿಲ್ಲ, ಯಾವ ಬ್ಯಾಂಕಿನ ಲೆಕ್ಕದಲ್ಲೂ ಇರಲಿಲ್ಲ. ಹಾಗಾಗಿ ಅದಕ್ಕೆ ಮನ್ನಾವೂ ಇರಲಿಲ್ಲ.

ಸುದ್ದಿಗೆ ಅಂತ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಿರುಗುವ ನಮಗೆ ಈ ಮಾತು ತಲೆಯಿಂದ ಹೋಗಲಿಲ್ಲ. ಮನ್ನಾದ ಸುದ್ದಿ ನಾವೇ ಎಷ್ಟೋ ಸಲ ಬರೆದಿದ್ದೇವೆ. ಎಷ್ಟು ಕೋಟಿ, ಎಷ್ಟು ಲಕ್ಷ ರೈತರು ಎಂದು ಬರೆದು ಮುಗಿಸಿದ್ದೇವೆ. ಯಾವ ಪುಸ್ತಕದ ಸಾಲ ಮನ್ನಾ ಆಯ್ತು, ಯಾವುದರದ್ದು ಉಳಿಯಿತು ಎಂದು ಕೇಳಿದ್ದು ಕಡಿಮೆ. ಹಳೆಯ ಕಾಯ್ದೆಗಳನ್ನು ತೆಗೆದು ಓದಿದಾಗ ತಿಳಿದದ್ದು ಇಷ್ಟು. ನಮ್ಮ ಭಾಗದಲ್ಲಿ ಸಾಲ ತೀರಿಸುವ ಕಾನೂನುಗಳಿಗೆ ನೂರು ವರ್ಷ ಮೀರಿದ ಇತಿಹಾಸ ಇದೆ. ಪ್ರತಿ ಸಲವೂ ಒಂದು ಪುಸ್ತಕ ಅಳಿಸಿದರು, ಇನ್ನೊಂದನ್ನು ಮುಟ್ಟಲಿಲ್ಲ. ಬಡ ದೇಶಗಳ ಸಾಲ ಮನ್ನಾ ಮಾಡಿದಾಗಲೂ ಆಗಿದ್ದು ಇದೇ. ಎರಡನ್ನೂ ಜೊತೆಗಿಟ್ಟು ನೋಡೋಣ.

ಬಾಂಡ್ ಸುಟ್ಟ ವರ್ಷ

ಬ್ರಿಟಿಷರ ಕಾಲದಲ್ಲಿ ನಮ್ಮ ಊರುಗಳು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಈಗಿನ ಶಿಗ್ಗಾವಿ ತಾಲ್ಲೂಕಿಗೆ ಆಗ ಬಂಕಾಪುರ ತಾಲ್ಲೂಕು ಎಂಬ ಹೆಸರು. ಹಿರೇಕೆರೂರಿನ ಭಾಗಕ್ಕೆ ಕೋಡ ತಾಲ್ಲೂಕು ಎನ್ನುತ್ತಿದ್ದರು. ಹಾನಗಲ್ ಹಾನಗಲ್ಲೇ. ಸವಣೂರು ಮಾತ್ರ ಬೇರೆ. ಅದು ಸುತ್ತಲೂ ಧಾರವಾಡ ಜಿಲ್ಲೆಯ ನಡುವೆ ಇದ್ದ ನವಾಬರ ಸಂಸ್ಥಾನ. ಮುಂಬೈ ಸರ್ಕಾರ ಮಾಡಿದ ಕಾನೂನು ಅಲ್ಲಿ ತಾನಾಗಿ ಜಾರಿಗೆ ಬರುತ್ತಿರಲಿಲ್ಲ. 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರುವ ತನಕ ಸವಣೂರಿನ ರೈತ ಒಂದು ಸರ್ಕಾರದ ಪ್ರಜೆ, ಪಕ್ಕದ ಹಳ್ಳಿಯ ರೈತ ಇನ್ನೊಂದು ಸರ್ಕಾರದ ಪ್ರಜೆ. ಸಾಲ ಕೊಟ್ಟು ಬಡ್ಡಿ ವಸೂಲಿ ಮಾಡುವುದಕ್ಕೆ ಮಾತ್ರ ಈ ಗಡಿ ಅಡ್ಡ ಬರುವಂಥದ್ದಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಬೇಡಿಕೆ ಬಂತು. ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋದ ಅರಳೆಗೆ ಕೇಳಿದಷ್ಟು ಬೆಲೆ. ಬೆಲೆ ಬಂದಾಗ ಸಾಲ ಕೊಡುವವರೂ ಬರುತ್ತಾರೆ. 1865ರಲ್ಲಿ ಯುದ್ಧ ಮುಗಿಯಿತು. ಬೆಲೆ ಬಿತ್ತು. ಸಾಲ ಉಳಿಯಿತು. ಕಂದಾಯ ಮಾತ್ರ ರೊಕ್ಕದಲ್ಲೇ ಕಟ್ಟಬೇಕಿತ್ತು.

ಇದರ ಜೊತೆ ಇನ್ನೊಂದು ತಾಪತ್ರಯ. 1859ರ ಕಾಲಮಿತಿ ಕಾಯ್ದೆ ಪ್ರಕಾರ ಸಾಲಪತ್ರಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಆಯುಷ್ಯ. ರೈತನಿಗೆ ಅನುಕೂಲ ಆಗಲಿ ಎಂದು ತಂದ ನಿಯಮ ಅದು. ಆದದ್ದು ಉಲ್ಟಾ. ಮೂರು ವರ್ಷ ಮುಗಿಯುವ ಮೊದಲು ಸಾವುಕಾರ ಹೊಸ ಪತ್ರ ಬರೆಸಿಕೊಳ್ಳುವನು. ಹಳೆಯ ಬಡ್ಡಿ ಹೊಸ ಅಸಲಿನಲ್ಲಿ ಸೇರುತ್ತಿತ್ತು. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ನ್ಯಾಯಾಲಯಕ್ಕೆ ಹೋದರೆ ಪತ್ರದಲ್ಲಿ ಬರೆದ ಮೊತ್ತವೇ ಸತ್ಯ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವುಕಾರರ ಅಂಗಡಿಗೆ ನುಗ್ಗಿದರು. ಪುಣೆ, ಅಹ್ಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಅದು ಹಬ್ಬಿತು. ಅವರು ಮುಖ್ಯವಾಗಿ ಕೇಳಿದ್ದು ಸಾಲಪತ್ರಗಳನ್ನು. ಸಿಕ್ಕ ಪತ್ರಗಳನ್ನು ಸುಟ್ಟರು. ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ದಖ್ಖನ್ ದಂಗೆ ಎನ್ನುತ್ತಾರೆ. ಅಷ್ಟರೊಳಗೆ ರೈತರಿಗೆ ಒಂದು ವಿಷಯ ಗೊತ್ತಾಗಿತ್ತು: ಸಾಲ ಇರುವುದು ಕಾಗದದಲ್ಲಿ.

ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರ ಈ ನಾಲ್ಕು ಜಿಲ್ಲೆಗೆ. ಮುಂದೆ 20ನೇ ಶತಮಾನದ ಆರಂಭದಲ್ಲಿ ಪ್ರಾಂತ್ಯದ ಉಳಿದ ಜಿಲ್ಲೆಗಳಿಗೂ ಅದರ ಮುಖ್ಯ ಭಾಗಗಳು ಬಂದವು. ಆ ಕಾಯ್ದೆ ಸಾಲ ಮನ್ನಾ ಮಾಡಲಿಲ್ಲ. ಆದರೆ ನ್ಯಾಯಾಧೀಶನಿಗೆ ಒಂದು ಅಧಿಕಾರ ಕೊಟ್ಟಿತು: ಪತ್ರದಲ್ಲಿ ಬರೆದ ಮೊತ್ತವನ್ನು ಒಪ್ಪಬೇಡ, ಮೊದಲ ದಿನದಿಂದ ಲೆಕ್ಕ ತೆಗೆ. ರೈತನ ಕೈಗೆ ನಿಜವಾಗಿ ಬಂದದ್ದು ಎಷ್ಟು, ಅವನು ಕಟ್ಟಿದ್ದು ಎಷ್ಟು, ಬಡ್ಡಿಗೆ ಬಡ್ಡಿ ಎಷ್ಟು ಎಂದು ನೋಡು, ಉಳಿದದ್ದಕ್ಕೆ ಕಂತು ಹಾಕು. ಸಾಲಕ್ಕೆ ರೈತನನ್ನು ಜೈಲಿಗೆ ಹಾಕುವುದೂ ನಿಂತಿತು. ಕಾಗದದ ಹಿಂದೆ ಹೋಗಿ ನೋಡುವ ಈ ವಿಚಾರವನ್ನು ನೆನಪಿಡಿ, ಮುಂದೆ ಲಂಡನ್ನಿನ ನ್ಯಾಯಾಲಯದ ಕಥೆಯಲ್ಲಿ ಮತ್ತೆ ಬರುತ್ತದೆ.

ಸೊಸೈಟಿ ಹುಟ್ಟಿದ್ದು

ಸಾವುಕಾರನನ್ನು ಹಿಡಿದು ಕಟ್ಟಿದರೆ ಬಿತ್ತನೆಗೆ ರೊಕ್ಕ ಎಲ್ಲಿಂದ ಬರಬೇಕು? ಆ ಪ್ರಶ್ನೆಗೆ ಉತ್ತರವಾಗಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ 1905ರಲ್ಲಿ ನಮ್ಮದೇ ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ದೇಶದಲ್ಲೇ ಮೊದಲನೆಯದು ಎಂದು ಅದಕ್ಕೆ ಹೆಸರು. ಈಗ ಆ ಊರು ಗದಗ ಜಿಲ್ಲೆಯಲ್ಲಿದೆ. ನಮ್ಮ ನಾಲ್ಕೂ ತಾಲ್ಲೂಕುಗಳ ಸೊಸೈಟಿಗಳು ಅದೇ ಬಳ್ಳಿಯ ಕುಡಿಗಳು.

ಸೊಸೈಟಿ ಬಂದಾಗಿನಿಂದ ಹಳ್ಳಿಯಲ್ಲಿ ಎರಡು ಪುಸ್ತಕ ಆದವು. ಒಂದು ಸಂಘದ ಪುಸ್ತಕ, ಇನ್ನೊಂದು ಸಾವುಕಾರನ ಪುಸ್ತಕ. ಜಮೀನು ಹೆಸರಿಗೆ ಇದ್ದವನಿಗೆ ಮೊದಲನೆಯದು. ಇಲ್ಲದವನಿಗೆ ಎರಡನೆಯದು. ಎಷ್ಟೋ ಮಂದಿಗೆ ಎರಡೂ.

1939ರಲ್ಲಿ ಮುಂಬೈ ಸರ್ಕಾರ ಕೃಷಿ ಸಾಲಗಾರರ ಪರಿಹಾರ ಕಾಯ್ದೆ ಮಾಡಿತು. 1947ರಲ್ಲಿ ಅದನ್ನು ತಿದ್ದಿ ಹೊಸ ಕಾಯ್ದೆ ತಂದಿತು. ಸಾಲಗಾರ, ಸಾವುಕಾರ ಇಬ್ಬರನ್ನೂ ಕರೆಸಿ ಲೆಕ್ಕ ನೋಡಿ, ರೈತನಿಗೆ ಕಟ್ಟಲು ಆಗುವಷ್ಟಕ್ಕೆ ಇಳಿಸಿ ಕಂತು ಹಾಕಿಕೊಡುವ ವ್ಯವಸ್ಥೆ. ಇಲ್ಲಿಯೂ ಪರಿಹಾರ ಬೇಕಾದವನು ಅರ್ಜಿ ಹಾಕಬೇಕು, ಸಾಲ ತೋರಿಸಬೇಕು. ಬಾಯಿಮಾತಿನ ಸಾಲಕ್ಕೆ, ಕಾಳಿನ ಸಾಲಕ್ಕೆ ಕಾಗದ ಎಲ್ಲಿಂದ ತರಬೇಕು?

1976: ಎರಡನೇ ಪುಸ್ತಕಕ್ಕೆ ಕೈ ಹಾಕಿದ್ದು

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಿತು. ಉಳುವವನೇ ಒಡೆಯ ಆದ. ಗೇಣಿದಾರರು ಡಿಕ್ಲರೇಷನ್ ಹಾಕಿ ಹೊಲ ಪಡೆದರು. ಅವರ ಹೆಸರು ಉತಾರಕ್ಕೆ ಬಂತು. ಉತಾರ ಬಂದ ಮೇಲೆ ಸೊಸೈಟಿಯ ಬಾಗಿಲೂ ತೆರೆಯಿತು.

1975ರಲ್ಲಿ ತುರ್ತು ಪರಿಸ್ಥಿತಿ. ಇಂದಿರಾ ಗಾಂಧಿಯವರ 20 ಅಂಶದ ಕಾರ್ಯಕ್ರಮದಲ್ಲಿ ಭೂರಹಿತರ, ಸಣ್ಣ ರೈತರ ಸಾಲ ವಸೂಲಿ ನಿಲ್ಲಿಸುವುದೂ ಒಂದಾಗಿತ್ತು. ಅದರ ಬೆನ್ನಿಗೆ ಕರ್ನಾಟಕ ಋಣ ಪರಿಹಾರ ಕಾಯ್ದೆ, 1976 ಬಂತು. ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು, ದುರ್ಬಲ ವರ್ಗದವರು ಖಾಸಗಿಯಾಗಿ ಮಾಡಿದ್ದ ಸಾಲ ಬಡ್ಡಿ ಸಮೇತ ತೀರಿತು ಎಂದು ಕಾನೂನೇ ಹೇಳಿತು. ಒತ್ತಿ ಇಟ್ಟ ಒಡವೆ, ಪಾತ್ರೆ ಮರಳಿ ಕೊಡಬೇಕು ಎಂದಿತು. ಅದೇ ವರ್ಷ ಕೇಂದ್ರದ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಜೀತಕ್ಕೆ ಕಾರಣವಾದ ಸಾಲವೂ ಅದರೊಂದಿಗೆ ಹೋಯಿತು. ಕಾಗದವೇ ಇಲ್ಲದ ಸಾಲಕ್ಕೆ, ಅಪ್ಪನ ಸಾಲಕ್ಕೆ ಮಗ ಆಳಾಗಿ ದುಡಿಯುವ ಸಾಲಕ್ಕೆ ಬಿಡುಗಡೆ ಕೊಟ್ಟ ಕಾನೂನು ಅದು.

ಆದರೆ 1976ರ ಕಾಯ್ದೆ ಬ್ಯಾಂಕು, ಸಹಕಾರ ಸಂಘ, ಸರ್ಕಾರದ ಸಾಲವನ್ನು ಮುಟ್ಟಲಿಲ್ಲ. ಸಾವುಕಾರನ ಪುಸ್ತಕ ಮಾತ್ರ ಅಳಿಸಿತು. ಅದೂ ಅವನಿಗೆ ಬಿಡಿಗಾಸು ಕೊಡದೆ. ಹಿರಿಯರು ಈಗಲೂ ಹೇಳುವ ಮಾತು ಇದು: ಕಾಯ್ದೆ ಬಂದ ಮೇಲೆ ಸಾವುಕಾರ ಕೈ ಹಿಂದಕ್ಕೆ ತೆಗೆದ. ಕೊಟ್ಟರೂ ಕಾಗದ ಬರೆಯದೆ ಕೊಟ್ಟ, ಇಲ್ಲವೇ ಖರೀದಿ ಪತ್ರ ಬರೆಸಿಕೊಂಡು ಕೊಟ್ಟ. ಅವನ ಪುಸ್ತಕ ಹೋಗಲಿಲ್ಲ, ಕಣ್ಣಿಗೆ ಕಾಣದ ಹಾಗೆ ಒಳಗೆ ಹೋಯಿತು. ಅಷ್ಟರಲ್ಲಿ ಸೊಸೈಟಿ ಎಲ್ಲರಿಗೂ ಸಾಲ ಕೊಡುವಷ್ಟು ಬೆಳೆದಿದ್ದರೆ ಮಾತು ಬೇರೆ ಇತ್ತು.

ಯಾರು ಯಾರಿಗೆ ಬಾಕಿ?

1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತ ಬಂಡಾಯ ಆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮತ್ತು ಅವರ ಸಂಗಡಿಗರು ಒಂದು ಹೊಸ ವಾದ ಇಟ್ಟರು. ಬೆಳೆಗೆ ನ್ಯಾಯವಾದ ಬೆಲೆ ಕೊಡದೆ ಸರ್ಕಾರವೇ ರೈತನಿಗೆ ಬಾಕಿ ಉಳಿಸಿಕೊಂಡಿದೆ, ಹೀಗಿರುವಾಗ ರೈತ ಸಾಲಗಾರ ಹೇಗಾಗುತ್ತಾನೆ ಎಂಬುದು ಆ ವಾದ. ಅಧಿಕಾರಿಗಳು ಜಪ್ತಿ ಮಾಡಿದ ಸಾಮಾನನ್ನು ರೈತರು ಹೋಗಿ ಮರುಜಪ್ತಿ ಮಾಡಿ ತಂದರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂಬ ಫಲಕಗಳು ಹಳ್ಳಿಗಳಲ್ಲಿ ನಿಂತವು.

ಅದೇ ದಶಕದಲ್ಲಿ ಆಫ್ರಿಕಾದಲ್ಲೂ ಇದೇ ಮಾತು ಎದ್ದಿತ್ತು. ಬುರ್ಕಿನಾ ಫಾಸೊ ಎಂಬ ಬಡ ದೇಶದ ಅಧ್ಯಕ್ಷ ಥಾಮಸ್ ಸಂಕಾರಾ 1987ರ ಜುಲೈನಲ್ಲಿ ಅಡಿಸ್ ಅಬಾಬಾದಲ್ಲಿ ಆಫ್ರಿಕಾ ದೇಶಗಳ ಸಭೆಯಲ್ಲಿ ಮಾತನಾಡಿದರು. ನಮ್ಮನ್ನು ಆಳಿ ಕೊಳ್ಳೆ ಹೊಡೆದವರೇ ಈಗ ಸಾಲ ಕೊಟ್ಟವರಾಗಿ ನಿಂತಿದ್ದಾರೆ, ಎಲ್ಲರೂ ಕೂಡಿ ಕಟ್ಟುವುದಿಲ್ಲ ಎನ್ನೋಣ, ಒಬ್ಬೊಬ್ಬರೇ ಹೇಳಿದರೆ ಉಳಿಗಾಲವಿಲ್ಲ ಎಂಬುದು ಅವರ ಮಾತಿನ ಸಾರ. ಅದೇ ವರ್ಷ ಅಕ್ಟೋಬರ್ 15ರಂದು ಅವರ ಕೊಲೆ ಆಯಿತು.

ನರಗುಂದದ ರೈತನಿಗೆ ಸಂಕಾರಾ ಯಾರೆಂದು ಗೊತ್ತಿರಲಾರದು. ಕೇಳಿದ ಪ್ರಶ್ನೆ ಮಾತ್ರ ಒಂದೇ.

ದೇಶಗಳ ಸಾಲ ಮನ್ನಾ

ಬಡ ದೇಶಗಳು ಸಾಲ ಮಾಡುವುದು ಮೂರು ಕಡೆ. ಬೇರೆ ದೇಶಗಳ ಸರ್ಕಾರದಿಂದ. ವಿಶ್ವ ಬ್ಯಾಂಕು, ಐಎಂಎಫ್‌ನಂಥ ಸಂಸ್ಥೆಗಳಿಂದ. ಖಾಸಗಿ ಬ್ಯಾಂಕು, ಬಾಂಡ್ ಕೊಳ್ಳುವವರಿಂದ. ಮೊದಲ ಎರಡು ನಮ್ಮ ಬ್ಯಾಂಕು, ಸೊಸೈಟಿ ಇದ್ದ ಹಾಗೆ. ಮೂರನೆಯದು ಬಡ್ಡಿ ಅಂಗಡಿ ಇದ್ದ ಹಾಗೆ ಎಂದುಕೊಳ್ಳಿ.

1996ರಲ್ಲಿ ವಿಶ್ವ ಬ್ಯಾಂಕು ಮತ್ತು ಐಎಂಎಫ್ ಸೇರಿ ಅತಿ ಸಾಲದ ಬಡ ದೇಶಗಳಿಗೆ ಸಾಲ ಪರಿಹಾರದ ಯೋಜನೆ ತಂದವು. 2005ರಲ್ಲಿ ಶ್ರೀಮಂತ ದೇಶಗಳು ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಸಭೆ ಸೇರಿ ವಿಶ್ವ ಬ್ಯಾಂಕು, ಐಎಂಎಫ್ ಮುಂತಾದವುಗಳ ಹಳೆಯ ಸಾಲ ಪೂರ್ತಿ ಬಿಡಲು ಒಪ್ಪಿದವು. ಒಟ್ಟು 37 ದೇಶಗಳಿಗೆ ಈ ಪರಿಹಾರ ಸಿಕ್ಕಿದೆ. ಅದರಲ್ಲಿ 31 ಆಫ್ರಿಕಾದವು. ಕೊನೆಯದು ಸೊಮಾಲಿಯಾ, 2023ರ ಡಿಸೆಂಬರ್‌ನಲ್ಲಿ. ಭಾರತವೂ ಇದರಲ್ಲಿ ಸಾಲ ಕೊಟ್ಟ ದೇಶವಾಗಿತ್ತು. ಮೊಜಾಂಬಿಕ್, ತಾಂಜಾನಿಯಾ, ಜಾಂಬಿಯಾ ಮುಂತಾದ ದೇಶಗಳು ನಮಗೆ ಕೊಡಬೇಕಿದ್ದ ಸಾಲವನ್ನು ಬಿಟ್ಟಿತು.

ಇದರಿಂದ ಉಪಯೋಗ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಗಾಂಡ ದೇಶ 1997ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿತು. ಸುಮಾರು 30 ಲಕ್ಷ ಇದ್ದ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ 50 ಲಕ್ಷ ದಾಟಿತು. 1998ರಲ್ಲಿ ಈ ಯೋಜನೆಯ ಪರಿಹಾರ ಮೊದಲು ಸಿಕ್ಕಿದ್ದು ಆ ದೇಶಕ್ಕೇ. ಉಳಿದ ಹಣವನ್ನು ಬಡವರ ಕೆಲಸಕ್ಕೆಂದೇ ಬೇರೆ ನಿಧಿಯಾಗಿ ಇಟ್ಟರು. ಜಾಂಬಿಯಾ 2006ರ ಏಪ್ರಿಲ್‌ನಲ್ಲಿ ಹಳ್ಳಿ ಆಸ್ಪತ್ರೆಗಳಲ್ಲಿ ಶುಲ್ಕ ನಿಲ್ಲಿಸಿತು.

ಉಗಾಂಡದ ಇನ್ನೊಂದು ಸಂಗತಿ ಪತ್ರಿಕೆಯವರಾದ ನಮಗೆ ಬಹಳ ಹಿಡಿಸಿತು. 1990ರ ದಶಕದ ಆರಂಭದಲ್ಲಿ ಶಾಲೆಗಳಿಗೆ ಸರ್ಕಾರ ಕಳಿಸಿದ ಅನುದಾನದಲ್ಲಿ 100ಕ್ಕೆ 13 ರೂಪಾಯಿಯಷ್ಟು ಮಾತ್ರ ಶಾಲೆ ಮುಟ್ಟುತ್ತಿತ್ತು ಎಂದು ಸಮೀಕ್ಷೆ ಹೇಳಿತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಹಣ ಬಿಡುಗಡೆ ಆಯಿತು ಎಂಬುದನ್ನು ಪತ್ರಿಕೆಗಳಲ್ಲಿ ಹಾಕತೊಡಗಿದರು, ಶಾಲೆಯ ಗೋಡೆಗೂ ಅಂಟಿಸಿದರು. 2001ರ ಹೊತ್ತಿಗೆ 100ಕ್ಕೆ 80ರಷ್ಟು ಶಾಲೆ ಮುಟ್ಟತೊಡಗಿತು. ಬೇರೆ ಕಾರಣಗಳೂ ಇದ್ದವು. ಆದರೆ ಲೆಕ್ಕ ಗೋಡೆ ಮೇಲೆ ಬಂದದ್ದು ದೊಡ್ಡ ಕಾರಣ.

ಟ್ರ್ಯಾಕ್ಟರ್ ಸಾಲದ ಕಥೆ

ಇನ್ನು ಮೂರನೇ ಪುಸ್ತಕದ ಕಥೆ. 1979ರಲ್ಲಿ ಜಾಂಬಿಯಾ ದೇಶ ರುಮೇನಿಯಾದಿಂದ ಟ್ರ್ಯಾಕ್ಟರ್ ಮತ್ತು ಕೃಷಿ ಯಂತ್ರಗಳನ್ನು ಉದ್ರಿ ತಂದಿತು. ಸಾಲ ಸುಮಾರು 1.5 ಕೋಟಿ ಡಾಲರ್. ತಾಮ್ರದ ಬೆಲೆ ಬಿದ್ದು ಜಾಂಬಿಯಾಕ್ಕೆ ಕಟ್ಟಲಾಗಲಿಲ್ಲ. ನಮ್ಮಲ್ಲಿ ಹತ್ತಿ ಬೆಲೆ ಬಿದ್ದ ಹಾಗೆ. 1999ರಲ್ಲಿ ರುಮೇನಿಯಾ ಆ ಸಾಲಪತ್ರವನ್ನು ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಖಾಸಗಿ ಕಂಪನಿಗೆ ಸುಮಾರು 33 ಲಕ್ಷ ಡಾಲರ್‌ಗೆ ಮಾರಿಬಿಟ್ಟಿತು.

2005ರಲ್ಲಿ ಜಾಂಬಿಯಾಕ್ಕೆ ಮನ್ನಾ ಸಿಕ್ಕಿತು. ಸುಮಾರು 700 ಕೋಟಿ ಡಾಲರ್ ಇದ್ದ ವಿದೇಶಿ ಸಾಲ 100 ಕೋಟಿಗಿಂತ ಕೆಳಗಿಳಿಯಿತು. ದೇಶ ಉಸಿರು ಬಿಟ್ಟಿತು. ಆದರೆ ಡೊನೆಗಲ್ ಕಂಪನಿ ಮನ್ನಾಕ್ಕೆ ಸಹಿ ಹಾಕಿರಲಿಲ್ಲ. ಅದು ಲಂಡನ್ನಿನ ನ್ಯಾಯಾಲಯಕ್ಕೆ ಹೋಗಿ ಬಡ್ಡಿ ಸೇರಿಸಿ 5.5 ಕೋಟಿ ಡಾಲರ್ ಕೇಳಿತು. 2007ರಲ್ಲಿ ನ್ಯಾಯಾಲಯ ಅಷ್ಟು ಕೊಡಿಸಲಿಲ್ಲ. ಆದರೂ ಸುಮಾರು 1.54 ಕೋಟಿ ಡಾಲರ್ ಕಟ್ಟಲು ಹೇಳಿತು. 33 ಲಕ್ಷಕ್ಕೆ ಕೊಂಡ ಕಾಗದಕ್ಕೆ ಇಷ್ಟು. ಬೇರೆಯವರು ಬಿಟ್ಟ ಸಾಲದಿಂದ ಜಾಂಬಿಯಾದ ಕೈಯಲ್ಲಿ ಉಳಿದ ರೊಕ್ಕಕ್ಕೆ ಬಿಡದವನು ಕೈ ಹಾಕಿದ. ಇಂಥವರಿಗೆ ಜಗತ್ತು ಇಟ್ಟ ಹೆಸರು ರಣಹದ್ದು ನಿಧಿ.

ಈ ಪ್ರಕರಣದ ಮೇಲೆ ಬಹಳ ಗದ್ದಲ ಆಯಿತು. 2010ರಲ್ಲಿ ಬ್ರಿಟನ್ ಸಂಸತ್ತು ಒಂದು ಕಾಯ್ದೆ ಮಾಡಿತು. ಪರಿಹಾರ ಯೋಜನೆಯಲ್ಲಿರುವ ಬಡ ದೇಶದ ಹಳೆಯ ಸಾಲದ ಮೇಲೆ, ಉಳಿದವರು ಒಪ್ಪಿದ್ದಕ್ಕಿಂತ ಹೆಚ್ಚನ್ನು ಬ್ರಿಟನ್ ನ್ಯಾಯಾಲಯದಲ್ಲಿ ವಸೂಲಿ ಮಾಡುವಂತಿಲ್ಲ ಎಂದಿತು. ಕಾಗದದಲ್ಲಿ ಬರೆದ ಮೊತ್ತವೇ ಕೊನೆಯ ಮಾತಲ್ಲ ಎಂಬುದನ್ನು ಅದೇ ಬ್ರಿಟಿಷರು 1879ರಲ್ಲಿ ನಮ್ಮ ಪ್ರಾಂತ್ಯದಲ್ಲಿ ಕಾಯ್ದೆ ಮಾಡಿದ್ದರು. ದೇಶಗಳ ವಿಚಾರಕ್ಕೆ ಅದು ಬರಲು 131 ವರ್ಷ ಹಿಡಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಾಲ ಇಳಿದ ಜಾಂಬಿಯಾಕ್ಕೆ 2012ರಲ್ಲಿ ಖಾಸಗಿಯವರು ಕರೆದು ಸಾಲ ಕೊಟ್ಟರು. ಬಾಂಡ್ ಮೇಲೆ ಬಾಂಡ್. 2020ರ ನವೆಂಬರ್‌ನಲ್ಲಿ ಅದು ಮತ್ತೆ ಕಂತು ತಪ್ಪಿಸಿತು. ಸರ್ಕಾರಿ ಸಾಲಗಾರರ ಜೊತೆ 2023ರಲ್ಲಿ, ಬಾಂಡ್‌ದಾರರ ಜೊತೆ 2024ರಲ್ಲಿ ಹೊಸ ಒಪ್ಪಂದ ಆಗುವ ತನಕ ವರ್ಷಗಟ್ಟಲೆ ಎಳೆದಾಡಿದರು.

ನಮ್ಮ ಮನ್ನಾಗಳು

ಈಗ ಮತ್ತೆ ನಮ್ಮ ಹೊಲಕ್ಕೆ ಬರೋಣ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ಸುಸ್ತಿ ಸಾಲ ಮನ್ನಾ ಮಾಡಿತು. 2008ರಲ್ಲಿ ಕೇಂದ್ರ ಸರ್ಕಾರ 5 ಎಕರೆ ಒಳಗಿನ ರೈತರ ಸುಸ್ತಿ ಸಾಲ ಪೂರ್ತಿ ಬಿಟ್ಟಿತು. ಅದಕ್ಕಿಂತ ಹೆಚ್ಚು ಇದ್ದವರು ಮುಕ್ಕಾಲು ಪಾಲು ಕಟ್ಟಿದರೆ ಕಾಲು ಪಾಲು ಮನ್ನಾ ಎಂದಿತು. ಸವಣೂರಿನ ಒಣ ಬೇಸಾಯದ 7 ಎಕರೆಯವನು ದೊಡ್ಡ ರೈತ ಆದ. ಹಾನಗಲ್‌ನ ಕೆರೆ ಕೆಳಗಿನ 4 ಎಕರೆ ಭತ್ತದವನು ಸಣ್ಣ ರೈತ ಆದ. ಬಂಗಾರ ಒತ್ತಿ ಇಟ್ಟು ಗಡುವಿನೊಳಗೆ ಸಾಲ ಕಟ್ಟಿದವನಿಗೆ ಏನೂ ಸಿಗಲಿಲ್ಲ.

ಈ ಮನ್ನಾದ ಲೆಕ್ಕವನ್ನು ಸಿಎಜಿ 2013ರಲ್ಲಿ ಸಂಸತ್ತಿನ ಮುಂದೆ ಇಟ್ಟಿತು. ಪರಿಶೀಲಿಸಿದ 90,576 ಖಾತೆಗಳಲ್ಲಿ 100ಕ್ಕೆ 22ಕ್ಕೂ ಹೆಚ್ಚು ಖಾತೆಗಳಲ್ಲಿ ತಪ್ಪುಗಳಿದ್ದವು. ಸಿಗಬಾರದವರಿಗೆ ಸಿಕ್ಕಿತ್ತು, ಸಿಗಬೇಕಾದವರಿಗೆ ತಪ್ಪಿತ್ತು. ನೋಡಿದ ಪ್ರಕರಣಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನದರಲ್ಲಿ ಮನ್ನಾ ಪತ್ರ ರೈತನ ಕೈ ಸೇರಿದ್ದಕ್ಕೆ ದಾಖಲೆಯೇ ಇರಲಿಲ್ಲ. ಬೋಜಾ ಇಳಿಯದ ಉತಾರ ನಮ್ಮ ಮನೆಯದ್ದೊಂದೇ ಅಲ್ಲ ಎಂದು ಇದನ್ನು ಓದಿದಾಗ ಅನ್ನಿಸಿತು.

2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರಿ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ ಬಿಟ್ಟಿತು. 22 ಲಕ್ಷಕ್ಕೂ ಹೆಚ್ಚು ರೈತರು, 8,165 ಕೋಟಿ ರೂಪಾಯಿ. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಬ್ಯಾಂಕಿನ ಸುಸ್ತಿ ಸಾಲಕ್ಕೆ 2 ಲಕ್ಷ, ಸಹಕಾರಿ ಸಾಲಕ್ಕೆ 1 ಲಕ್ಷದ ಮಿತಿಯಲ್ಲಿ ಮನ್ನಾ ಮಾಡಿತು. ಆಧಾರ್, ರೇಷನ್ ಕಾರ್ಡ್, ಉತಾರ ಮೂರನ್ನೂ ತಾಳೆ ನೋಡಿದರು. ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆ ಆದವರು ಕಚೇರಿಯಿಂದ ಕಚೇರಿಗೆ ಅಲೆದರು.

ಇವೆಲ್ಲ ಮೊದಲ ಪುಸ್ತಕದ ಮನ್ನಾಗಳು. ಬ್ಯಾಂಕಿಗೆ, ಸೊಸೈಟಿಗೆ ಸರ್ಕಾರ ರೊಕ್ಕ ಕೊಟ್ಟು ರೈತನ ಹೆಸರು ಅಳಿಸಿದ್ದು. ಎಷ್ಟೋ ಮನೆಗಳು ಇದರಿಂದ ಉಳಿದಿವೆ, ನಮ್ಮದೂ ಅದರಲ್ಲಿ ಒಂದು. ಆದರೆ ಹಿರೇಕೆರೂರಿನಲ್ಲಿ ಲಾವಣಿ ಹಾಕಿಕೊಂಡು ಗೋವಿನಜೋಳ ಬೆಳೆಯುವವನ ಹೆಸರು ಯಾವ ಪುಸ್ತಕದಲ್ಲಿದೆ? ಭೂಸುಧಾರಣೆ ಕಾಯ್ದೆ ಬಂದ ಮೇಲೆ ಹೊಲ ಲಾವಣಿಗೆ ಕೊಡುವುದೇ ಕಾನೂನಿಗೆ ವಿರುದ್ಧ. ಹಾಗಾಗಿ ಕರಾರು ಎಲ್ಲ ಬಾಯಿಮಾತು. ಅಂದು ಗೇಣಿದಾರನಿಗೆ ಉತಾರ ಕೊಟ್ಟ ಕಾನೂನೇ ಇಂದಿನ ಲಾವಣಿದಾರನಿಗೆ ಕಾಗದ ಇಲ್ಲದ ಹಾಗೆ ಮಾಡಿದೆ. ಬೆಳೆ ಅವನದು, ನಷ್ಟ ಅವನದು, ಉತಾರ ಮಾತ್ರ ಮಾಲೀಕನದು. ಬೆಳೆಸಾಲವೂ ಮನ್ನಾವೂ ಉತಾರದ ಹಿಂದೆ ಹೋಗುತ್ತವೆ. ಹೆಣ್ಣುಮಕ್ಕಳದ್ದೂ ಇದೇ ಪಾಡು. ಗಂಡ ಸಾಲದಿಂದ ಜೀವ ಕಳೆದುಕೊಂಡ ಮನೆಗೆ ಸುದ್ದಿಗೆ ಹೋದಾಗಲೆಲ್ಲ ನಾವು ನೋಡಿದ್ದು ಇದನ್ನೇ. ಬ್ಯಾಂಕಿನ ನೋಟಿಸ್ ಇದ್ದರೆ ಪರಿಹಾರದ ದಾರಿ ಸಲೀಸು. ಕೈಗಡ ಇದ್ದರೆ ಸಾಬೀತು ಮಾಡುವುದೇ ಒಂದು ಯುದ್ಧ.

ಎರಡನೇ ಪುಸ್ತಕ ಮತ್ತೆ

2019ರ ಜುಲೈನಲ್ಲಿ ರಾಜ್ಯದಲ್ಲಿ ಇನ್ನೊಂದು ಋಣ ಪರಿಹಾರ ಕಾಯ್ದೆ ಜಾರಿಗೆ ಬಂತು. ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು, ವರ್ಷಕ್ಕೆ 1.20 ಲಕ್ಷ ರೂಪಾಯಿ ಒಳಗಿನ ಆದಾಯದವರು ಖಾಸಗಿ ಲೇವಾದೇವಿಯವರಿಂದ ಪಡೆದ ಸಾಲ ತೀರಿತು ಎಂದಿತು. 90 ದಿನದೊಳಗೆ ಉಪವಿಭಾಗಾಧಿಕಾರಿಗೆ ದಾಖಲೆ ಸಮೇತ ಅರ್ಜಿ ಹಾಕಬೇಕಿತ್ತು. 1976ರದ್ದೇ ಅಚ್ಚು. ಮತ್ತೆ ಅದೇ ಪ್ರಶ್ನೆ: ದಾಖಲೆ ಎಲ್ಲಿದೆ? ನಾಳೆ ಮಗನ ಫೀಸಿಗೆ ಅದೇ ಅಂಗಡಿಗೆ ಹೋಗಬೇಕಾದವನು ಇಂದು ಅವನ ಮೇಲೆ ಅರ್ಜಿ ಹಾಕುವನೇ? ಅವ್ವ ಹಾಕಲಿಲ್ಲ. ಬೋರಮಾಳಕ್ಕೆ ಅಂಗಡಿಯವನು ಕೊಟ್ಟಿದ್ದ ಚೀಟಿಯಲ್ಲಿ ಅವನ ಸಹಿಯೂ ಇರಲಿಲ್ಲ.

ಈಗ ಮೂರನೇ ಪುಸ್ತಕವೂ ಬಂದಿದೆ. ನಮ್ಮ ಕಡೆ ಸಂಘದ ಸಾಲ ಎನ್ನುವ ಮೈಕ್ರೊ ಫೈನಾನ್ಸ್. ವಾರದ ಕಂತು, ಮನೆ ಮುಂದೆ ಬಂದು ಕೂರುವ ವಸೂಲಿಯವರು. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ರಾಣೆಬೆನ್ನೂರಿನ ಹೆಣ್ಣುಮಕ್ಕಳು ಕಿರುಕುಳ ತಾಳದೆ ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದ್ದು ರಾಜ್ಯವೆಲ್ಲ ಸುದ್ದಿ ಆಯಿತು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಇಲ್ಲಿ ಒಂದು ಮಾತು ಸರಿಯಾಗಿ ತಿಳಿದುಕೊಳ್ಳಬೇಕು. ಸಂಘದ ಸಾಲ ಎಲ್ಲ ಮನ್ನಾ ಆಯಿತು ಎಂದು ನಂಬಿದವರು ನಮಗೆ ಸಿಕ್ಕಿದ್ದಾರೆ. ಹಾಗಿಲ್ಲ. ಲೈಸೆನ್ಸ್, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಮಾತ್ರ ತೀರಿದಂತೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಸಂಸ್ಥೆಗಳ ಸಾಲ ಹಾಗೇ ಇದೆ.

ಹಾಗಾದರೆ ಮಾಡಬೇಕಾದ್ದೇನು?

ಮನ್ನಾ ಬೇಡ ಎಂದು ನಾವು ಹೇಳುವುದಿಲ್ಲ. ಪಟ್ಟಣದಲ್ಲಿ ಕುಂತು ಹಾಗೆ ಹೇಳುವವರು ಬಹಳ ಇದ್ದಾರೆ. ಬರ ಬಿದ್ದ ವರ್ಷ ಕಂತು ಕಟ್ಟು ಎಂದರೆ ರೈತ ಕಟ್ಟುವುದು ಬೇರೆ ಸಾಲ ತಂದೇ. ಆದರೆ ಮನ್ನಾ ಘೋಷಣೆ ಆದಾಗ ಮೂರು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳೋಣ. ಯಾವ ಪುಸ್ತಕದ ಸಾಲ ಹೋಯಿತು, ಯಾವುದರದ್ದು ಉಳಿಯಿತು? ಪುಸ್ತಕದಲ್ಲಿ ಹೆಸರೇ ಇಲ್ಲದ ಲಾವಣಿದಾರನಿಗೆ, ಹೆಣ್ಣುಮಕ್ಕಳಿಗೆ ಏನು? ಮುಂದಿನ ಬಿತ್ತನೆಗೆ ರೊಕ್ಕ ಎಲ್ಲಿಂದ ಬರುತ್ತದೆ? ಜಾಂಬಿಯಾದಲ್ಲಿ ಮೂರನೇ ಪ್ರಶ್ನೆಗೆ ಉತ್ತರ ಇಲ್ಲದೆ 15 ವರ್ಷದಲ್ಲಿ ಅದು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು.

ಉಗಾಂಡದ ಗೋಡೆಯ ಪಾಠವೂ ಇದೆ. ಮನ್ನಾ ಆದವರ ಪಟ್ಟಿ, ಮೊತ್ತ, ಬೋಜಾ ಇಳಿಸಲು ಕಾಗದ ಹೋದ ತಾರೀಖು ಇಷ್ಟನ್ನು ಸೊಸೈಟಿಯ ಗೋಡೆಗೆ ಹಚ್ಚಿ ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ರೊಕ್ಕ ಖರ್ಚಿಲ್ಲದ ಕೆಲಸ ಅದು.

ಇಂದೇ ಮಾಡಬಹುದಾದ್ದು ಒಂದಿದೆ. ನಿಮ್ಮ ಉತಾರ ತೆಗೆದು 11ನೇ ಕಾಲಂ ನೋಡಿ. ತೀರಿದ ಸಾಲ, ಮನ್ನಾ ಆದ ಸಾಲ ಅಲ್ಲಿ ಇನ್ನೂ ಇದ್ದರೆ ಬ್ಯಾಂಕಿನಿಂದ ಅಥವಾ ಸೊಸೈಟಿಯಿಂದ ಬೇಬಾಕಿ ಪತ್ರ, ಬೋಜಾ ಇಳಿಸುವ ಪತ್ರ ಎರಡನ್ನೂ ಬರವಣಿಗೆಯಲ್ಲಿ ಕೇಳಿ, ತಹಶೀಲ್ದಾರ್ ಕಚೇರಿಯ ಭೂಮಿ ಕೇಂದ್ರದಲ್ಲಿ ಅರ್ಜಿ ಕೊಡಿ. ಅರ್ಜಿಗೆ ಸ್ವೀಕೃತಿ ಪಡೆಯಿರಿ. ಖಾಸಗಿ ಸಾಲ ಮಾಡಿದರೆ ಕೊಟ್ಟದ್ದಕ್ಕೂ ಕಟ್ಟಿದ್ದಕ್ಕೂ ಚೀಟಿ ಕೇಳಿ. ಕೊಡದಿದ್ದರೆ ತಾರೀಖು, ಮೊತ್ತ, ಜೊತೆಗಿದ್ದವರ ಹೆಸರನ್ನು ನೀವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಯಾವ ಕಾಯ್ದೆ ಬಂದರೂ ಮೊದಲು ಕೇಳುವುದು ಕಾಗದವನ್ನೇ.

ನಮ್ಮ ಹೊಲದ ಬೋಜಾ ಮೂರು ತಿಂಗಳ ಓಡಾಟದ ನಂತರ ಇಳಿಯಿತು. ಹೊಸ ಉತಾರ ತಂದು ಅಪ್ಪನ ಕೈಗೆ ಕೊಟ್ಟೆವು. ಅಪ್ಪ ಎರಡು ಸಲ ಓದಿ ಮಡಚಿ ಟ್ರಂಕಿನಲ್ಲಿಟ್ಟ. ಅವ್ವ ಈಗ 40 ಪುಟದ ಒಂದು ನೋಟ್‌ಬುಕ್ ಮಾಡಿದ್ದಾಳೆ. ಬೋರಮಾಳದ ಬಡ್ಡಿ ಕಟ್ಟಿದ ದಿನ, ಮೊತ್ತ ಅದರಲ್ಲಿದೆ. ಅವ್ವನಿಗೆ ಬರೆಯಲು ಬಾರದು. ತಂಗಿಯ ಕೈಲಿ ಬರೆಸುತ್ತಾಳೆ.